ಎಣ್ಣೆ ಭಾವನ ಶೆಲ್ಫು ಖಾಲಿಯಾದದ್ದು

ನಮ್ಮ ಅಕ್ಕನ ಗಂಡನನ್ನು ನಾನು ಎಣ್ಣೆ ಭಾವ ಎಂದೇ ಕರೆಯುವುದು. ಹಾಗೆಂದ ಕೂಡಲೇ ಕೇಳಿದವರು ಹುಬ್ಬೇರಿಸುತ್ತಾರೆ. ಇಲ್ಲಪ್ಪಾ, ನೀವಂದುಕೊಂಡ ಎಣ್ಣೆಯಲ್ಲ. ಅವರು ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಮೈ, ಬಟ್ಟೆ, ಬಾಗಿಲ ಚಿಲಕ, ಓದುವ ಪೇಪರು ಎಲ್ಲದಕ್ಕೂ ಮಿಷನ್ ಎಣ್ಣೆಯ ವಾಸನೆ. ಮದುವೆಯ ಫೋಟೊದಲ್ಲೂ ಅವರ ಬಲಗೈ ಉಗುರುಗಳು ಕಪ್ಪಗಿವೆ. ಅಕ್ಕ ತನ್ನ ಸೆರಗಿನಿಂದ ಮುಚ್ಚಲು ನೋಡಿದ್ದಾಳೆ, ಪೂರ್ತಿ ಮುಚ್ಚಿಲ್ಲ.

ನಾನು ಬಸ್ ಕಂಡಕ್ಟರ್. ದಿನಕ್ಕೆ ನೂರಾರು ಜನರ ಹತ್ತಿರ ಚಿಲ್ಲರೆಗೆ ಜಗಳವಾಡುವವಳಿಗೆ ಕೋಪ ಮೂಗಿನ ತುದಿಯಲ್ಲಿ ಇರದೆ ಇನ್ನೆಲ್ಲಿರುತ್ತದೆ? ಭಾವನಿಗೆ ಕೋಪವೇ ಬರುವುದಿಲ್ಲ. ನಾನು ಹತ್ತು ಮಾತಾಡಿದರೆ ಅವರದು ಒಂದು "ಹೂಂ". ಆ ಹೂಂ ಕೇಳಿದರೆ ನನಗೆ ಇನ್ನಷ್ಟು ಉರಿಯುತ್ತದೆ.

ಅವರ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಒಳಗೆ ಹೋಗುವಾಗ ಉದ್ದದವರು ತಲೆ ಬಗ್ಗಿಸಬೇಕು. ಬಗ್ಗಿಸದವರು ಒಮ್ಮೆ ಹೊಡೆಸಿಕೊಂಡು ಮುಂದಿನ ಸಲ ಬಗ್ಗಿಸುತ್ತಾರೆ. ಕಿಟಕಿಯಿಂದ ಕಾಣುವುದು ರಸ್ತೆಯಲ್ಲಿ ಹೋಗುವವರ ಚಪ್ಪಲಿ ಮತ್ತು ಗಾಡಿಗಳ ಚಕ್ರ. ಬಿಸ್ಕತ್ತಿನ ಡಬ್ಬಿಗಳ ತುಂಬ ಸ್ಕ್ರೂ, ಬಾಬಿನ್, ಸೂಜಿ. ಯಾರಾದರೂ ಮಿಷನ್ ತಂದಿಟ್ಟರೆ ಭಾವ ಮೊದಲು ಕಣ್ಣು ಮುಚ್ಚಿ, ಕೈಯಿಂದ ಚಕ್ರ ತಿರುಗಿಸಿ, ಮಗುವಿನ ಕೆಮ್ಮು ಕೇಳುವ ಹಾಗೆ ಕೇಳುತ್ತಾರೆ. ಆಮೇಲೆ ಒಂದು ರೇಟು ಹೇಳುತ್ತಾರೆ.

ಆ ರೇಟಿನ ವಿಷಯದಲ್ಲಿ ಅವರಿಗೆ ಎರಡು ನಿಯಮ. ಒಂದು, ಬಿಚ್ಚುವ ಮೊದಲು ಹೇಳಿದ ರೇಟು ಬಿಚ್ಚಿದ ಮೇಲೆ ಬದಲಾಗುವುದಿಲ್ಲ. ಒಳಗೆ ಇನ್ನೇನೇ ಮುರಿದಿರಲಿ, ಅದು ಭಾವನದೇ ಹಣೆಬರಹ. ಎರಡು, ದುಡ್ಡು ಕೊಡದೆ ಮಿಷನ್ ಹೊರಗೆ ಹೋಗುವುದಿಲ್ಲ. ಬಾಗಿಲಿನ ಎದುರು ಗೋಡೆಯ ಮೇಲ್ಗಡೆ ಒಂದು ಉದ್ದನೆಯ ಹಲಗೆಯ ಶೆಲ್ಫು ಇತ್ತು. ಕೂಲಿ ಕೊಡಲಾಗದವರ ಮಿಷನ್ನುಗಳು ಹಳೆಯ ಬೆಡ್‌ಶೀಟು ಸುತ್ತಿಕೊಂಡು ಅಲ್ಲಿ ಕೂತಿರುತ್ತಿದ್ದವು. ಭಾವ ಯಾವುದನ್ನೂ ಮಾರಿದವರಲ್ಲ, ಯಾವುದರಿಂದಲೂ ಒಂದು ಸ್ಕ್ರೂ ಬಿಚ್ಚಿಕೊಂಡವರಲ್ಲ. ಹಾಗಾಗಿ ತಾನು ಬಲು ನ್ಯಾಯಸ್ಥ ಎಂದು ಅವರಿಗೆ ಸಣ್ಣ ಹೆಮ್ಮೆಯೂ ಇತ್ತು. ಈ ಎರಡು ನಿಯಮಗಳೇ ಮುಂದೆ ಅವರ ಕುತ್ತಿಗೆಗೆ ಬಂದವು.

ಕಟ್ಟಡದ ಯಜಮಾನರು ತೀರಿಕೊಂಡರು. ಮಕ್ಕಳು ಅದನ್ನು ಮಾರಿದರು. ಕೊಂಡವರಿಗೆ ಮೆಟ್ಟಿಲ ಕೆಳಗಿನ ಕೋಣೆಯನ್ನು ಒಡೆದು ಮೊಬೈಲ್ ಅಂಗಡಿ ಮಾಡುವ ಆಸೆ. ಭಾವನಿಗೆ ನೋಟಿಸ್ ಬಂತು: ನಿನ್ನ ಹತ್ತಿರ ಯಾವ ಕರಾರೂ ಇಲ್ಲ, ಕೋಣೆ ಬಿಡು. ಕರಾರು ಇತ್ತು. ಭಾವ ಕೆಲಸ ಮಾಡುವಷ್ಟು ಕಾಲ, ಬಾಡಿಗೆ ಕೊಡುವಷ್ಟು ಕಾಲ ಕೋಣೆ ಅವರಿಗೇ ಎಂದು ಹಳೆಯ ಯಜಮಾನರು ಛಾಪಾ ಕಾಗದದ ಮೇಲೆ ಬರೆಸಿ, ಕಾನೂನಿನ ಪ್ರಕಾರವೇ ಸಹಿ ಹಾಕಿ ಕೊಟ್ಟಿದ್ದರು. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಪಾಟಿನಲ್ಲಿ ಸೀರೆಗಳ ಕೆಳಗೆ ಕಾಪಾಡಿದ್ದಳು.

ಕೋಣೆ ಹೋದರೆ ಇನ್ನೊಂದು ಕೋಣೆ ಹಿಡಿಯಬಹುದಲ್ಲ ಎನ್ನುವವರಿಗೆ ನಮ್ಮ ಭಾವ ಗೊತ್ತಿಲ್ಲ. ಈಗಿನ ಬಾಡಿಗೆ ಕೊಟ್ಟರೆ ಅವರ ಕೈಗೆ ಉಳಿಯುವುದು ಎಣ್ಣೆ ಮಾತ್ರ. ಅಂಗಡಿ ಮುಚ್ಚಿ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಒಂದು ರಜೆಯ ದಿನ ಮನೆಯಲ್ಲಿ ಕೂತರೇ ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಅಕ್ಕನ ತಲೆ ತಿನ್ನುವ ಮನುಷ್ಯ. ಅವರಿಗೆ ಆ ಕೋಣೆಯೇ ಜೀವ.

ಯಾರೋ ಗಿರಾಕಿ ಒಬ್ಬ ಲಾಯರನ್ನು ತೋರಿಸಿದರು. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಲಾಯರು ಒಳ್ಳೆಯ ಮಾತಿನವರು. ಭಾವನ ಹೆಗಲು ತಟ್ಟಿ, "ಚಿಂತೆ ಬಿಡಿ, ನಾನಿದ್ದೀನಿ" ಎಂದು, ಫೀಸು ಇಷ್ಟು ಎಂದರು. ಭಾವ ಅಷ್ಟನ್ನೂ ಎಣಿಸಿಕೊಟ್ಟು, ಕರಾರಿನ ಕವರನ್ನೂ ಕೊಟ್ಟು, ಹಗುರವಾಗಿ ಮನೆಗೆ ಬಂದರು. ರಸೀದಿ ಕೇಳಲಿಲ್ಲ. ಆ ಫೀಸು ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದೂ ಕೇಳಲಿಲ್ಲ. ಕೇಳುವುದೇನಿದೆ? ರೇಟು ಹೇಳಿದ ಮೇಲೆ ಮಿಷನ್ ಓಡುವವರೆಗೂ ಅದೇ ರೇಟಲ್ಲವೇ?

ಅಲ್ಲ. ಮುಂದಿನ ತಿಂಗಳು ಟೈಪಿಂಗ್ ಖರ್ಚು ಎಂದರು. ಆಮೇಲೆ ಕೋರ್ಟಿನ ಪ್ರತಿ ವಾಯಿದೆಗೂ ಒಂದಿಷ್ಟು. ಭಾವ ಪ್ರತಿ ಸಲವೂ ಕೊಟ್ಟರು. ಅಕ್ಕ ಗೊಣಗಿದರೆ, "ಬಿಚ್ಚಿದ ಮೇಲೆ ಒಳಗೆ ಇನ್ನೇನೋ ಕೆಟ್ಟಿರೋದು ಸಿಕ್ಕಿರ್ಬೇಕು ಪಾಪ" ಎಂದು ಲಾಯರ ಪರವಾಗಿ ಇವರೇ ವಾದಿಸುತ್ತಿದ್ದರು. ಕೊನೆಗೆ ಕೈ ಬರಿದಾಯಿತು. ಆ ವಾಯಿದೆಗೆ ಲಾಯರು ಬರಲಿಲ್ಲ. ಭಾವ ಕೋರ್ಟಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಅವರ ಹೆಸರು ಕೂಗಿದಾಗ ಎದ್ದು ಕೈ ಮುಗಿದು ನಿಂತರಂತೆ, ಅಷ್ಟೇ. ನ್ಯಾಯಾಧೀಶರು ಕರಾರಿನ ಅಸಲು ಪ್ರತಿ ತೋರಿಸಲು ಇನ್ನೊಂದೇ ಅವಕಾಶ ಕೊಟ್ಟರು. ಅದೂ ತಪ್ಪಿದರೆ ಕೋಣೆ ಬಿಡಬೇಕು.

ಅವತ್ತು ಅಕ್ಕ ಫೋನಿನಲ್ಲಿ ಅತ್ತಳು. ನಮ್ಮ ಅಕ್ಕ ಅಳುವವಳಲ್ಲ. ನಾನು ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಅಂಗಡಿಗೆ ನುಗ್ಗಿದೆ. ನುಗ್ಗುವಾಗ ಮೆಟ್ಟಿಲಿಗೆ ತಲೆ ಹೊಡೆದುಕೊಂಡೆ. ಕೋಪಕ್ಕೆ ಅದೂ ಸೇರಿತು.

"ಭಾವ, ಆ ಲಾಯರನ್ನ ಬಿಟ್ಟು ಬೇರೆಯವರನ್ನ ಹಿಡೀಬಾರ್ದಾ?"

"ಹಿಡೀಬೇಕು. ಆದ್ರೆ ಕಾಗದ ಅವರ ಹತ್ರ ಇದೆ. ಬಾಕಿ ಕೊಟ್ಟು ತಗೊಂಡು ಹೋಗಿ ಅಂದ್ರು."

"ಏನು ಬಾಕಿ? ಎಷ್ಟು ಬಾಕಿ? ರಸೀದಿ ಎಲ್ಲಿ?"

"ರಸೀದಿ ಯಾರು ಕೇಳ್ತಾರೆ?"

"ಅಯ್ಯೋ ದೇವರೇ! ಎರಡು ಸ್ಟಾಪ್ ದೂರ ಹೋಗೋ ಅಜ್ಜಿಗೂ ನಾನು ಟಿಕೆಟ್ ಹರಿದು ಕೊಡ್ತೀನಿ. ಎಲ್ಲಿಂದ ಎಲ್ಲಿಗೆ ಅಂತ ಅದರಲ್ಲಿ ಇರುತ್ತೆ. ನೀವು ಇಷ್ಟು ದುಡ್ಡು ಸುರಿದು ಬಸ್ಸು ಎಲ್ಲಿಗೆ ಹೋಗುತ್ತೆ ಅಂತಾನೂ ಕೇಳಿಲ್ವಲ್ಲ!"

"ಹೂಂ."

"ಹೂಂ ಅಲ್ಲ! ನಡೀರಿ ಈಗ್ಲೇ. ನಮ್ಮ ಕಾಗದ ನಮಗೆ ಕೊಡಿ ಅಂತ ಕೇಳೋಣ."

ಭಾವ ಕೈ ಒರೆಸಿಕೊಂಡು ತಲೆಯೆತ್ತಿ ಶೆಲ್ಫಿನ ಕಡೆ ನೋಡಿದರು. "ಹೆಂಗೆ ಕೇಳ್ಲಿ? ನಾನೂ ಅದನ್ನೇ ಮಾಡ್ತೀನಲ್ಲ. ಅವರು ಕೆಲಸ ಮಾಡಿದ್ದಾರೆ. ದುಡ್ಡು ಕೊಡೋವರೆಗೂ ಅದು ಈಗ ಅವರದೇ ಅಲ್ವಾ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಊರಲ್ಲಿ ಮೋಸಹೋದವರು ಬೇಕಾದಷ್ಟು ಜನ. ತನ್ನ ನಿಯಮವನ್ನೇ ಎದುರು ಪಾರ್ಟಿಗೆ ಉಡುಗೊರೆ ಕೊಟ್ಟು ಕೂತ ಮನುಷ್ಯನನ್ನು ಎಲ್ಲಾದರೂ ನೋಡಿದ್ದೀರಾ?

ಮಾರನೆಯ ದಿನ ರಜೆ ಹಾಕಿ ಅವರನ್ನು ಕೋರ್ಟಿಗೆ ಎಳೆದುಕೊಂಡು ಹೋದೆ. ಅಲ್ಲಿ ಮರದ ನೆರಳಿನಲ್ಲಿ ವಕೀಲರ ಸಂಘದವರು ಒಂದು ಮೇಜು ಹಾಕಿ ಪುಕ್ಕಟೆ ಸಲಹೆ ಕೊಡುತ್ತಾರೆ. ನನ್ನ ಬಸ್ಸಿನ ಕಿಟಕಿಯಿಂದ ದಿನಾ ಕಾಣುತ್ತದೆ. ಅವತ್ತು ಕೂತಿದ್ದವರು ನೆಗಡಿ ಹಿಡಿದ ಒಬ್ಬ ವಕೀಲೆ. ಮೂಗು ಒರೆಸಿಕೊಳ್ಳುತ್ತಲೇ ಎಲ್ಲ ಕೇಳಿದರು.

"ಫೀಸು ಎಷ್ಟು, ಏನೇನಕ್ಕೆ, ಯಾವಾಗ ಕೊಡ್ಬೇಕು ಅಂತ ಬರೆದುಕೊಟ್ಟಿದ್ದಾರಾ?"

"ಇಲ್ಲ" ಎಂದರು ಭಾವ.

"ಬರೆಸ್ಕೋಬೇಕಿತ್ತು. ಹೋಗ್ಲಿ. ಇನ್ಮೇಲೆ ನೆನಪಿಟ್ಕೊಳ್ಳಿ. ಕೇಸು ನಿಮ್ದು. ಏನಾಗ್ತಿದೆ ಅಂತ ಯಾವಾಗ ಬೇಕಾದ್ರೂ ಕೇಳ್ಬಹುದು. ರಾಜಿ ಆಗ್ಬೇಕೋ ಬೇಡ್ವೋ ನೀವೇ ಹೇಳ್ಬೇಕು, ಲಾಯರು ಹೇಳೋದಲ್ಲ. ಲಾಯರನ್ನ ಬದಲಾಯಿಸ್ಬಹುದು. ಕಾಗದ ನಿಮ್ದು. ಬಾಕಿ ಇದೆ ಅಂತ ಅದನ್ನ ಇಟ್ಕೊಳ್ಳೋ ಹಾಗಿಲ್ಲ, ವಕೀಲರಿಗೆ ಹಾಗಂತ ನಿಯಮ ಇದೆ."

ನಾನು ಭಾವನ ಕಡೆ ತಿರುಗಿ ಹೇಗಿದೆ ಎಂಬಂತೆ ನೋಡಿದೆ. ಭಾವನಿಗೆ ಸಮಾಧಾನವಾಗಲಿಲ್ಲ.

"ಅವರು ಕೆಲಸ ಮಾಡಿದ್ದಾರಲ್ಲ ಮೇಡಂ?"

"ಮಾಡಿದ್ದಕ್ಕೆ ಕೇಳ್ಲಿ. ನೀವು ಕೊಡಲ್ಲ ಅಂದ್ರೆ ಅದಕ್ಕೆ ಬೇರೆ ದಾರಿ ಇದೆ. ಕಾಗದ ಹಿಡ್ಕೊಂಡು ಕೇಳ್ಬಾರ್ದು."

"ಯಾಕೆ?"

ಎಂಥ ಪ್ರಶ್ನೆ! ನಾನಾಗಿದ್ದರೆ ಬೈದುಬಿಡುತ್ತಿದ್ದೆ. ವಕೀಲೆ ಸೀನಿ, ಕರವಸ್ತ್ರ ಮಡಿಚಿ, ನಿಧಾನವಾಗಿ ಹೇಳಿದರು. "ಆ ಕಾಗದ ಇಲ್ದೆ ನಿಮ್ಮ ಅಂಗಡಿ ಹೋಗುತ್ತೆ. ಅಂಗಡಿ ಹೋದ್ಮೇಲೆ ಬಾಕಿ ಎಲ್ಲಿಂದ ತೀರಿಸ್ತೀರಿ? ಕೈ ಕಟ್ಟಿ ಹಾಕಿ ದುಡಿದು ತಂದುಕೊಡು ಅಂದ ಹಾಗೆ ಆಗುತ್ತಲ್ಲ."

ಭಾವ ಎದ್ದು ವಕೀಲೆಗೆ ಕೈ ಮುಗಿದರು.

ನಾನು ಅವರನ್ನು ಬಸ್ಸು ಹತ್ತಿಸಿಕೊಂಡು ಸೀದಾ ಲಾಯರ ಆಫೀಸಿಗೆ ಹೊರಟಿದ್ದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಎಂದು ನಾಲಿಗೆ ಮಸೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಭಾವ ಎದ್ದು, "ಇಲ್ಲಿ ಇಳೀಬೇಕು" ಎಂದು ಅಂಗಡಿಯ ಹತ್ತಿರ ಇಳಿದುಬಿಟ್ಟರು. ಹಿಂದೆಯೇ ಹೋಗಿ ನೋಡಿದರೆ ಸ್ಟೂಲು ಹತ್ತಿ ಶೆಲ್ಫಿನಿಂದ ಮಿಷನ್ನುಗಳನ್ನು ಇಳಿಸುತ್ತಿದ್ದಾರೆ!

"ಏನ್ ಭಾವ ಇದು? ವಾಯಿದೆ ಎದುರಿಗಿದೆ, ನಿಮಗೆ ಈಗ ಧೂಳು ಹೊಡೆಯೋ ಆಸೆನಾ?"

"ಇವನ್ನ ಮೊದ್ಲು ಕೊಟ್ಟು ಬರೋಣ. ಆಮೇಲೆ ಲಾಯರ ಹತ್ರ ಹೋಗ್ತೀನಿ."

"ಈಗ್ಲೇ ಯಾಕೆ? ಕೇಸು ಮುಗಿದ್ಮೇಲೆ ಕೊಡಿ."

"ಇವು ಇಲ್ಲಿ ಕೂತಿರುವಾಗ ನನಗೆ ಅಲ್ಲಿ ಬಾಯಿ ಬರಲ್ಲ ಕಣೇ."

ಕೂಗಾಡಿದೆ. ಅಕ್ಕನಿಗೆ ಫೋನ್ ಮಾಡಿ ದೂರಿದೆ. ಅವಳು, "ಅವರು ಹಂಗೇ, ಹೋಗಿ ಬಾ" ಎಂದು ಇಟ್ಟುಬಿಟ್ಟಳು. ಗಂಡ ಹೆಂಡತಿ ಇಬ್ಬರೂ ಒಂದೇ. ಇದ್ದದ್ದು ಮೂರು ಮಿಷನ್, ಎರಡನ್ನು ಭಾವ ಹೊತ್ತರು, ಕೊನೆಗೆ ಒಂದನ್ನು ನಾನೇ ಹೊತ್ತೆ. ನೋಡಲು ಇಷ್ಟೇ ಇದ್ದರೂ ಕಬ್ಬಿಣದ ಮಿಷನ್ನಿನ ಭಾರ ಗೊತ್ತಲ್ಲ, ಸೊಂಟ ಹೋಯಿತು. ಬಸ್ಸಿನಲ್ಲಿ ನನ್ನ ಜೊತೆ ಕೆಲಸ ಮಾಡುವವನೇ ಸಿಕ್ಕು, ಲಗೇಜ್ ಟಿಕೆಟ್ ಹರಿದು ಕೈಗಿಟ್ಟು ಹಲ್ಲು ಕಿರಿದ. ತೆಗೆದುಕೊಂಡೆ. ನಿಯಮ ಎಂದರೆ ನಿಯಮ.

ಮೊದಲನೆಯ ಮಿಷನ್ನಿನ ಯಜಮಾನ ಈಗ ದೊಡ್ಡ ಟೈಲರು. ಅದನ್ನು ಮರೆತೇಬಿಟ್ಟಿದ್ದ, ನಕ್ಕು, ಬಾಕಿಯನ್ನೂ ಕೊಟ್ಟು ಕಳಿಸಿದ. ಎರಡನೆಯದರ ಯಜಮಾನರು ತೀರಿಕೊಂಡಿದ್ದರು. ಅವರ ಮಗಳು ಮಿಷನ್ನಿನ ಮೈ ಸವರಿ, ಇದು ಅಪ್ಪನದು ಎಂದು ಒಳಗಿಟ್ಟುಕೊಂಡಳು.

ಮೂರನೆಯದು ಒಂದು ಇಕ್ಕಟ್ಟಾದ ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿ. ಬಾಗಿಲು ತೆರೆದ ಹೆಂಗಸಿನ ಬೆರಳಿಗೆ ಹೊಲಿಯುವಾಗ ಹಾಕುವ ಲೋಹದ ಟೋಪಿ ಇತ್ತು. ಹಿಂದೆ ಕೋಣೆಯ ತುಂಬ ದಿಂಬಿನ ಗೌಸುಗಳ ರಾಶಿ. ಪೀಸಿಗೆ ಇಷ್ಟು ಎಂದು ಹೊಲಿದುಕೊಡುವ ಕೆಲಸ. ಮಿಷನ್ನಿನಲ್ಲಿ ಹೊಲಿಯುವುದನ್ನೆಲ್ಲ ಆಕೆ ಕೈಯಲ್ಲಿ ಹೊಲಿಯುತ್ತಿದ್ದಳು.

ಭಾವ ಬೆಡ್‌ಶೀಟು ಬಿಚ್ಚಿ ಮಿಷನ್ ತೋರಿಸಿದರು. ಆಕೆ ಮುಂದೆ ಬರಲಿಲ್ಲ.

"ಬಾಕಿ ಕೊಡೋಕೆ ಇವತ್ತೂ ಆಗಲ್ಲಣ್ಣ" ಎಂದಳು.

"ಬಾಕಿಗೆ ಬಂದಿಲ್ಲಮ್ಮ. ನಿಮ್ಮ ಮಿಷನ್ ಕೊಡೋಕೆ ಬಂದೆ."

"ನಂದಾ? ಅದು ಈಗ ನಿಮ್ದೇ ಅಲ್ವಾ?"

ಭಾವ ಲಾಯರ ವಿಷಯದಲ್ಲಿ ಆಡಿದ ಮಾತೇ ಅದು, ಅದೇ ದನಿಯಲ್ಲಿ.

"ಎರಡು ಸಲ ಬಂದಿದ್ದೆ" ಎಂದಳು ಆಕೆ. "ಬಾಗಿಲಿಂದ ನೋಡಿದೆ, ಮೇಲೇ ಇತ್ತು. ಕೇಳೋಕೆ ಮುಖ ಇರ್ಲಿಲ್ಲ, ವಾಪಸ್ ಹೋದೆ."

"ಯಾವಾಗ್ಲೂ ನಿಮ್ದೇ ಆಗಿತ್ತಮ್ಮ" ಎಂದರು ಭಾವ. "ನನ್ನ ಬಾಕಿ ಬೇರೆ, ಮಿಷನ್ ಬೇರೆ. ಆದಾಗ ಕೊಡಿ. ನನಗೆ ಮೊದ್ಲೇ ಹೊಳೀಬೇಕಿತ್ತು."

ಅಲ್ಲೇ ನೆಲದ ಮೇಲೆ ಕೂತು, ಮೂಲೆಯಲ್ಲಿ ಖಾಲಿ ನಿಂತಿದ್ದ ಸ್ಟ್ಯಾಂಡಿಗೆ ಮಿಷನ್ ಕೂರಿಸಿ, ಬೆಲ್ಟು ಹಾಕಿ, ಎಣ್ಣೆ ಬಿಟ್ಟು, ದಾರ ಪೋಣಿಸಿದರು. ಆಕೆ ಒಂದು ಗೌಸು ಹೊಲಿದಳು. ಹೊಲಿದು ಅಂಚು ಎಳೆದು ನೋಡಿ ಮತ್ತೆ ಹೊಲಿದಳು. ಇಳಿಯುವಾಗ ಭಾವ ಮೆಟ್ಟಿಲ ತಿರುವಿನಲ್ಲಿ ನಿಂತು ತೋಳಿನಿಂದ ಕಣ್ಣೊರೆಸಿಕೊಂಡರು. ತೋಳಿನ ಎಣ್ಣೆ ಕಣ್ಣಿಗೆ ತಾಗಿ ಇನ್ನಷ್ಟು ನೀರು ಬಂತು. ನಾನು ತಮಾಷೆ ಮಾಡಲಿಲ್ಲ.

ಲಾಯರ ಆಫೀಸು ಇನ್ನೂ ತೆರೆದಿತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವ ಮೇಜಿನ ಮುಂದೆ ನಿಂತು, ಎಂದೂ ಕೇಳಿರದ ಗಟ್ಟಿ ದನಿಯಲ್ಲಿ ಹೇಳಿದರು: "ಸಾರ್, ನನ್ನ ಕಾಗದ ಕೊಡಿ. ನೀವು ಮಾಡಿದ ಕೆಲಸ ಏನು, ನಾನು ಕೊಟ್ಟಿದ್ದು ಎಷ್ಟು, ಉಳಿದಿದ್ದು ಎಷ್ಟು ಅಂತ ಬರೆದು ಕೊಡಿ. ಉಳಿದಿದ್ರೆ ತೀರಿಸ್ತೀನಿ. ಕಾಗದ ಮಾತ್ರ ಈಗ್ಲೇ ಬೇಕು. ಅದು ನಂದು."

ಲಾಯರು ಮುಖ ಗಂಟು ಹಾಕಿದರು. "ನೋಡಿ, ಪ್ರತಿ ವಾಯಿದೆಗೂ ಬೇರೆ ಕೊಡ್ಬೇಕು ಅಂತ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ನಾನು ಮೊದ್ಲು ಕೊಟ್ಟಿದ್ದೇ ಕೇಸು ಮುಗಿಯೋವರೆಗೂ ಅಂದ್ಕೊಂಡಿದ್ದೆ ಸಾರ್."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಷ್ಟು ತಿಂಗಳು, ಇಷ್ಟು ದುಡ್ಡು, ಅಕ್ಕನ ಕಣ್ಣೀರು! ಮೊದಲ ದಿನವೇ ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ದರೆ, ಅರ್ಧ ಹಾಳೆಯಲ್ಲಿ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಬರೆದುಕೊಡಬೇಕಾದವರು ಲಾಯರೇ, ಅದರಲ್ಲಿ ಮಾತಿಲ್ಲ. ಅದು ಅವರಿಗೂ ಗೊತ್ತಾಗಿರಬೇಕು. ಅವರ ಕುರ್ಚಿಯ ರೆಕ್ಸಿನ್ನು ಹರಿದು ಸ್ಪಂಜು ಹೊರಗೆ ಬಂದಿತ್ತು. ಅವರದ್ದೂ ಅಂಥ ಓಡುವ ಗಾಡಿಯೇನಲ್ಲ. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಎದ್ದು ಹೋಗಿ ಬೀರುವಿನಿಂದ ಫೈಲು ತಂದರು. ಬೇರೆ ಲಾಯರು ಕೇಸು ನಡೆಸಲು ತಕರಾರಿಲ್ಲ ಎಂದು ಸಹಿಯನ್ನೂ ಹಾಕಿದರು. "ಆ ದಿನ ಕೋರ್ಟಿಗೆ ಬರ್ದೆ ಇದ್ದಿದ್ದು ತಪ್ಪಾಯ್ತು" ಎಂದು ಫೈಲಿನ ಕಡೆ ನೋಡುತ್ತಾ ಹೇಳಿದರು. ಮಸೆದ ನಾಲಿಗೆಯನ್ನು ನಾನು ಹಾಗೇ ಮನೆಗೆ ತಂದೆ.

ಕೇಸನ್ನು ನೆಗಡಿಯ ವಕೀಲೆಯೇ ತೆಗೆದುಕೊಂಡು, ನಮ್ಮನ್ನು ತಮ್ಮ ಆಫೀಸಿಗೆ ಕರೆಸಿಕೊಂಡರು. ಒಂದು ಹಾಳೆಯಲ್ಲಿ ಫೀಸು ಎಷ್ಟು, ಅದರಲ್ಲಿ ಏನೇನು ಸೇರಿದೆ, ಯಾವಾಗ ಎಷ್ಟು ಕೊಡಬೇಕು, ಬೇರೆ ಖರ್ಚು ಬಂದರೆ ಮೊದಲೇ ಕೇಳಿ ಮಾಡುವುದು ಎಂದು ಬರೆದು ಓದಿ ಹೇಳಿದರು. ಭಾವ ಅದಕ್ಕೆ ಸಹಿ ಮಾಡಿದರು. ಆಮೇಲೆ ಕರಾರಿನ ಕವರನ್ನು ಮೇಜಿನ ಮೇಲಿಟ್ಟರು. ಇಟ್ಟರು, ಆದರೆ ಕೈ ತೆಗೆಯಲಿಲ್ಲ. ವಕೀಲೆ ಈ ತುದಿ ಹಿಡಿದಿದ್ದಾರೆ, ಭಾವ ಆ ತುದಿ. ಭಾವನ ಮುಖ ಕೆಂಪಾಯಿತು. ಬಿಡಬೇಕೆಂದಿದ್ದರೂ ಬೆರಳು ಬಿಡುತ್ತಿರಲಿಲ್ಲ.

ವಕೀಲೆ ತಾವೇ ಕೈ ಬಿಟ್ಟರು. "ನನ್ನ ಜೊತೆ ಬನ್ನಿ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಜೆರಾಕ್ಸ್ ಮಾಡಿ, ಅಸಲನ್ನು ಮತ್ತೆ ಅವರ ಕೈಗೇ ಕೊಟ್ಟರು. "ಇದು ನಿಮ್ಮ ಹತ್ರಾನೇ ಇರ್ಲಿ. ವಾಯಿದೆ ದಿನ ನೀವೇ ತನ್ನಿ."

ಆ ದಿನ ಭಾವ ಅದನ್ನು ಅಂಗಿಯ ಒಳಗಿಟ್ಟುಕೊಂಡು ತಂದರು. ನ್ಯಾಯಾಧೀಶರು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೂಲೆಯಲ್ಲಿದ್ದ ಎಣ್ಣೆಯ ಬೆರಳಚ್ಚನ್ನೂ ನೋಡಿದರು. ಕರಾರೇ ಇಲ್ಲ ಎಂದಿದ್ದವರು ಸಮಯ ಬೇಕು ಎಂದರು. ಸಮಯ ತೆಗೆದುಕೊಂಡೂ ಅವರಿಗೆ ಹೇಳಲು ಏನೂ ಸಿಗಲಿಲ್ಲ. ಕೆಲಸ ಮಾಡುವಷ್ಟು ಕಾಲ ಕೋಣೆ ಭಾವನದೇ ಎಂದು ತೀರ್ಪಾಯಿತು. ಅಕ್ಕ ಆ ಸಂಜೆ ಅಂಗಡಿಗೆ ಬಂದು, ಬಿಸ್ಕತ್ತಿನ ಡಬ್ಬಿಗಳನ್ನೆಲ್ಲ ಎತ್ತಿಸಿ ನೆಲ ತೊಳೆದಳು. ಭಾವನಿಗೆ ಆಮೇಲೆ ಎಷ್ಟೋ ದಿನ ಒಂದು ಸ್ಕ್ರೂವೂ ಸಿಗಲಿಲ್ಲ.

ಈಗ ಆ ಶೆಲ್ಫಿನ ಮೇಲೆ ಒಂದು ರೇಡಿಯೊ ಇದೆ. ಬಾಕಿ ಉಳಿಸಿಕೊಂಡವರು ಮಿಷನ್ ತೆಗೆದುಕೊಂಡೇ ಹೋಗುತ್ತಾರೆ. ಕೆಲವರು ಕೊಡುತ್ತಾರೆ, ಕೆಲವರು ಟೋಪಿ ಹಾಕುತ್ತಾರೆ. ಅಂಥವರ ವಿಷಯ ನನಗೆ ಬಿಡಿ, ನನ್ನ ಬಸ್ಸಿಗೆ ಹತ್ತದೇ ಇರುತ್ತಾರೆಯೇ ಎಂದು ನಾನು ಹೇಳುತ್ತೇನೆ. ಭಾವ ಹೂಂ ಎನ್ನುತ್ತಾರೆ.

ಹೋದ ವಾರ ನಾನು ಅಂಗಡಿಯಲ್ಲಿದ್ದಾಗ ದಿಂಬಿನ ಗೌಸಿನ ಹೆಂಗಸು ಬಂದಳು. ಹಳೆಯ ಬಾಕಿಯನ್ನು ಚೂರು ಚೂರಾಗಿ ಯಾವತ್ತೋ ತೀರಿಸಿದ್ದಳು. ಮಿಷನ್ ಏನೋ ಸದ್ದು ಮಾಡುತ್ತಿದೆ ಎಂದು ಹೊತ್ತು ತಂದಿದ್ದಳು. ಭಾವ ಚಕ್ರ ತಿರುಗಿಸಿ ಕೇಳಿ, "ಸಣ್ಣದು. ಇಟ್ಟು ಹೋಗಿ, ನಾಳೆ ಬನ್ನಿ" ಎಂದರು.

ಆಕೆ "ಆಯ್ತಣ್ಣ" ಎಂದಳು. ಹೋಗಲಿಲ್ಲ. ಒಂದು ಕೈ ಮಿಷನ್ನಿನ ಮೇಲೇ ಇತ್ತು. ನಗುತ್ತಲೇ ಇದ್ದಳು, ಆದರೆ ಆ ಕೈ ಅಲ್ಲಿಂದ ಏಳಲಿಲ್ಲ.

ಭಾವ ಆ ಕೈಯನ್ನು ನೋಡಿದರು. ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಬೇರೆಯವರ ಮಿಷನ್ನನ್ನು ಪಕ್ಕಕ್ಕೆ ಸರಿಸಿದರು. ತಾವು ಕೂರುವ ಸ್ಟೂಲನ್ನು ಒರೆಸಿ ಆಕೆಯ ಮುಂದೆ ಇಟ್ಟರು.

"ಕೂತ್ಕೊಳ್ಳಮ್ಮ. ಈಗ್ಲೇ ಮಾಡ್ಕೊಡ್ತೀನಿ" ಎಂದು ನಿಂತುಕೊಂಡೇ ಸ್ಕ್ರೂ ಬಿಚ್ಚತೊಡಗಿದರು.